ಕಾನ್ಹೇರಿಯ ಬಂಡೆಯ ಮೇಲೆ ನೃಪತುಂಗನ ಹೆಸರು

ಮುಂಬೈಯ ಬೋರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ, ಕಾನ್ಹೇರಿ ಗುಡ್ಡದ ಕರಿಕಲ್ಲಿನಲ್ಲಿ ಕೊರೆದ ನೂರಕ್ಕೂ ಮಿಕ್ಕ ಗುಹೆಗಳಿವೆ. ಅಲ್ಲಿನ ಮೂರು ಶಾಸನಗಳು ಕನ್ನಡಿಗರ ಮಟ್ಟಿಗೆ ಬೇರೆಯೇ ತೂಕದವು. ಶಕವರ್ಷ 765, 775 ಮತ್ತು 799ರಲ್ಲಿ, ಅಂದರೆ ಸುಮಾರಾಗಿ ಕ್ರಿ.ಶ. 843, 853 ಮತ್ತು 877ರಲ್ಲಿ ಕೆತ್ತಿದ ಈ ಮೂರರಲ್ಲೂ ಆಳುವ ಸಾರ್ವಭೌಮನೆಂದು ಹೆಸರಿಸಿರುವುದು ಅಮೋಘವರ್ಷನನ್ನು. ನಾವು ನೃಪತುಂಗ ಎಂದು ಕರೆಯುವ ಮಾನ್ಯಖೇಟದ ರಾಷ್ಟ್ರಕೂಟ ಅರಸ ಅವನೇ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅವನ ಆಳ್ವಿಕೆಯಲ್ಲೇ. ಮಾನ್ಯಖೇಟದಲ್ಲಿ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಶ್ರೀವಿಜಯ ಕನ್ನಡ ಕಾವ್ಯದ ಮಾರ್ಗಗಳನ್ನು ವಿವೇಚಿಸಿ ಬರೆದ ಕಾಲಕ್ಕೆ, ಅದೇ ಅರಸನ ಹೆಸರೆತ್ತಿ ಈ ಗುಡ್ಡದ ಬೌದ್ಧ ಭಿಕ್ಷುಗಳಿಗೆ ಬಟ್ಟೆಗೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ದತ್ತಿ ಬಿಡುತ್ತಿದ್ದರು.

ಮುಂಬೈ ಕನ್ನಡಿಗರ ಕಥೆಯನ್ನು ನಾವು ಗಿರಣಿ, ಹೋಟೆಲು, ರಾತ್ರಿಶಾಲೆಗಳಿಂದ ಶುರುಮಾಡುವುದು ರೂಢಿ. ದುಡಿದು ಬದುಕು ಕಟ್ಟಿಕೊಂಡವರ ಆ ಕಥೆ ದೊಡ್ಡದು. ಆದರೆ ಈ ಕಡಲಂಚಿಗೂ ಘಟ್ಟದ ಮೇಲಿನ ನಾಡಿಗೂ ಇರುವ ಕೊಡುಕೊಳ್ಳುವಿಕೆ ಅದಕ್ಕಿಂತ ಬಹಳ ಹಳೆಯದು. ಹೀಗೆಂದ ಕೂಡಲೇ ಅದನ್ನು ಒಡೆತನದ ಮಾತಾಗಿ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ಕಾಲಕ್ಕೆ ಬಂದುಬಿಟ್ಟಿದೆ. ಈ ಕಲ್ಲುಗಳು ಹೇಳುವುದು ಅದನ್ನಲ್ಲ. ಯಾವ ನಾಡು ಯಾರ ಆಳ್ವಿಕೆಯಲ್ಲಿತ್ತು ಎಂಬುದು ಒಂದು ಸಂಗತಿ, ಅಲ್ಲಿನ ಜನ ಯಾವ ನುಡಿಯಾಡುತ್ತಿದ್ದರು, ಯಾವ ದೇವರಿಗೆ ಕೈಮುಗಿಯುತ್ತಿದ್ದರು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಮಾಡಲು ಹೊರಡದ ಕಾಲವೊಂದು ಇಲ್ಲಿ ನಡೆದುಹೋಗಿದೆ.

ಆ ಕಾಲಕ್ಕೂ ಮುಂಚಿನದು ಸೋಪಾರಾ. ನಾಲಾಸೋಪಾರಾ ಸ್ಟೇಷನ್ನಿನಲ್ಲಿಳಿದು ಪಶ್ಚಿಮಕ್ಕೆ ಹೋದರೆ ಸಿಗುವ ಹಳೆಯ ಊರಿನ ಬಳಿ ಒಂದು ದಿಬ್ಬವಿತ್ತು. ಊರವರು ಅದನ್ನು ‘ಬುರೂಡ್ ರಾಜಾಚೆ ಕೋಟ್’, ಮೇದಾರ ರಾಜನ ಕೋಟೆ, ಎನ್ನುತ್ತಿದ್ದರು. 1882ರ ಏಪ್ರಿಲ್‌ನಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅದನ್ನು ಅಗೆಸಿದರು. ಜುನಾಗಢದಲ್ಲಿ ಹುಟ್ಟಿ, ಮುಂಬೈಗೆ ಬಂದು ಭಾವೂ ದಾಜಿಯವರ ಜೊತೆ ಶಾಸನಗಳನ್ನು ಓದುವ ಕೆಲಸದಲ್ಲಿ ಪಳಗಿದವರು ಅವರು. ಬಾಂಬೆ ಗೆಜೆಟಿಯರ್‌ನ ಸಂಪಾದಕ ಜೇಮ್ಸ್ ಕ್ಯಾಂಪ್‌ಬೆಲ್ ಜೊತೆಗಿದ್ದರು. ದಿಬ್ಬದ ನಡುವೆ ಇಟ್ಟಿಗೆಯ ಗೂಡು, ಅದರಲ್ಲಿ ದೊಡ್ಡ ಕಲ್ಲಿನ ಭರಣಿ. ಮುಚ್ಚಳ ತೆಗೆದರೆ ಒಳಗೆ ತಾಮ್ರದ ಕರಂಡಕ, ಅದರ ಸುತ್ತ ಕುಳಿತ ಎಂಟು ಕಂಚಿನ ಬುದ್ಧರು. ತಾಮ್ರದೊಳಗೆ ಬೆಳ್ಳಿ, ಬೆಳ್ಳಿಯೊಳಗೆ ಕಲ್ಲು, ಕಲ್ಲಿನೊಳಗೆ ಸ್ಫಟಿಕ, ಸ್ಫಟಿಕದೊಳಗೆ ಚಿನ್ನ. ಚಿನ್ನದ ಆ ಪುಟ್ಟ ಕರಂಡಕದಲ್ಲಿ ಹೂಗಳ ಜೊತೆ ಇದ್ದದ್ದು ಮಣ್ಣಿನ ಪಾತ್ರೆಯೊಂದರ ಚೂರುಗಳು. ಬುದ್ಧನ ಭಿಕ್ಷಾಪಾತ್ರೆಯ ಚೂರುಗಳೆಂದು ನಂಬಿ ಅವನ್ನು ಅಷ್ಟು ಜತನದಿಂದ ಇಟ್ಟಿದ್ದರು.

ಭರಣಿಯಲ್ಲಿ ಶಾತವಾಹನ ಅರಸ ಯಜ್ಞಶ್ರೀ ಶಾತಕರ್ಣಿಯ ಬೆಳ್ಳಿ ನಾಣ್ಯವೂ ಇತ್ತು. ಅದು ಎರಡನೆಯ ಶತಮಾನದ್ದು. ಕಂಚಿನ ಬುದ್ಧರಾದರೋ ಶೈಲಿಯಿಂದ ಎಂಟು, ಒಂಬತ್ತನೆಯ ಶತಮಾನದವರು. ಅಂದರೆ ಯಾರೋ ಭಕ್ತರು ಆರೇಳು ನೂರು ವರ್ಷಗಳ ಮೇಲೆ ಸ್ತೂಪವನ್ನು ತೆರೆದು, ಹಳೆಯದನ್ನು ಹಾಗೇ ಉಳಿಸಿ, ಹೊಸ ಮೂರ್ತಿಗಳನ್ನು ಸೇರಿಸಿ, ಮತ್ತೆ ಮುಚ್ಚಿದ್ದಾರೆ. ಅದು ಬಾದಾಮಿಯ ಚಾಲುಕ್ಯರ ಕೈಯಿಂದ ದಖನ್ನಿನ ಆಳ್ವಿಕೆ ಜಾರಿ ರಾಷ್ಟ್ರಕೂಟರು ತಲೆಯೆತ್ತಿದ ಕಾಲ.

ಅದೇ 1882ರಲ್ಲಿ ಸೋಪಾರಾದಲ್ಲಿ ಅಶೋಕನ ಎಂಟನೆಯ ಬಂಡೆಶಾಸನದ ಒಂದು ತುಂಡು ಸಿಕ್ಕಿತು. ಒಂಬತ್ತನೆಯದರ ತುಂಡು ಹತ್ತಿರದ ಭುಯಿಗಾಂವ್‌ನಲ್ಲಿ ಸಿಕ್ಕಿದ್ದು 1956ರಲ್ಲಿ. ಒಂದರಲ್ಲಿ ಬೇಟೆಯ ವಿಹಾರಗಳನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟ ಮಾತು, ಇನ್ನೊಂದರಲ್ಲಿ ಮದುವೆ, ಪ್ರಯಾಣ, ರೋಗರುಜಿನಗಳಲ್ಲಿ ಜನ ಮಾಡುವ ಸಣ್ಣಪುಟ್ಟ ಆಚರಣೆಗಳಿಗಿಂತ ಒಳ್ಳೆಯ ನಡತೆ ಮೇಲು ಎಂಬ ಮಾತು. ಮಸ್ಕಿ, ಬ್ರಹ್ಮಗಿರಿ, ಸನ್ನತಿಗಳಲ್ಲಿ ಅಶೋಕನನ್ನು ಓದಿ ಬಲ್ಲ ನಮಗೆ ಸೋಪಾರಾ ಅಪರಿಚಿತ ಅನ್ನಿಸಬೇಕಾಗಿಲ್ಲ. ಒಂದೇ ಆಡಳಿತದ ಒಳನಾಡಿನ ಕಟ್ಟೆ ಅವು, ಕಡಲ ಕಟ್ಟೆ ಇದು.

ವಸಯಿ ಖಾಡಿಗೂ ವೈತರಣಾ ನದಿಗೂ ನಡುವಿನ ಈ ಬಂದರಿಗೆ ಮಹಾಭಾರತದಲ್ಲಿ ಶೂರ್ಪಾರಕ ಎಂಬ ಹೆಸರು. ಬಂದರು ನಿಂತಿದ್ದು ಬರೀ ನೀರಿನ ಬಲದಿಂದಲ್ಲ. ನಾಣೇಘಾಟ್ ಹತ್ತಿ ಜುನ್ನರ್, ಅಲ್ಲಿಂದ ಪೈಠಣ, ತೇರ್ ಕಡೆಗೆ ಹೋಗುವ ದಾರಿಯೇ ಅದರ ಬೆನ್ನೆಲುಬು. ಘಟ್ಟದ ಮೇಲಿಂದ ಎತ್ತಿನ ಸಾಲು ಇಳಿದರೆ ಮಾತ್ರ ಹಡಗಿಗೆ ಸರಕು. ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಕಲ್ಯಾಣದ ಪಾಡನ್ನು ಹೇಳುತ್ತದೆ. ಹಿಂದೆ ಕಟ್ಟುಪಾಡಿನಂತೆ ವ್ಯಾಪಾರ ನಡೆಯುತ್ತಿದ್ದ ಊರು ಅದು. ಆಳುವವರು ಬದಲಾದ ಮೇಲೆ, ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಸಾಗಿಸಲಾಗುತ್ತಿತ್ತಂತೆ. ಶಾತವಾಹನರಿಗೂ ಕ್ಷತ್ರಪರಿಗೂ ನಡೆದ ಜಗಳವೆಂದರೆ ಬಹುಪಾಲು ಈ ಬಂದರುಗಳ ಸುಂಕದ ಜಗಳವೇ.

ಆ ವ್ಯಾಪಾರದಲ್ಲಿ ಹುಟ್ಟಿದ ದುಡ್ಡು ಹರಿದು ಬಂದದ್ದು ಕಾನ್ಹೇರಿಗೆ. ಶಾಸನಗಳು ಇದನ್ನು ಕೃಷ್ಣಗಿರಿ ಎನ್ನುತ್ತವೆ. ಮೂರನೆಯ ಗುಹೆಯ ದೊಡ್ಡ ಚೈತ್ಯವನ್ನು ಯಜ್ಞಶ್ರೀಯ ಕಾಲದಲ್ಲಿ ಗಜಸೇನ, ಗಜಮಿತ್ರ ಎಂಬ ವ್ಯಾಪಾರಿ ಅಣ್ಣತಮ್ಮಂದಿರು ಕೊರೆಸಿದರು. ನನಗೆ ಅದಕ್ಕಿಂತ ಹೆಚ್ಚು ಮುಖ್ಯವೆನಿಸುವುದು ಸಣ್ಣ ದಾನಗಳು. ಕಲ್ಯಾಣದ ಅಕ್ಕಸಾಲಿಗ ಸಾಮಿದತ್ತ ಒಂದು ನೀರಿನ ತೊಟ್ಟಿ ಕೊಟ್ಟ. ಅದೇ ಊರಿನ ಕಮ್ಮಾರ ನಂದ ಒಂದು ಕಾಲುದಾರಿ ಮಾಡಿಸಿಕೊಟ್ಟ. ಸೋಪಾರಾದವರು, ನಾಸಿಕದವರು, ಚೌಲದವರು ಒಬ್ಬೊಬ್ಬರು ಒಂದೊಂದು ಕೋಣೆ, ಒಂದೊಂದು ಜಗಲಿ ಕೊರೆಸಿದರು. ಮೂಲಧನ ಕರಗದಂತೆ ಅದರ ಬಡ್ಡಿಯಿಂದ, ಹೊಲದ ಹುಟ್ಟುವಳಿಯಿಂದ ಮಳೆಗಾಲದಲ್ಲಿ ಭಿಕ್ಷುಗಳಿಗೆ ಚೀವರ ಕೊಡುವ ‘ಅಕ್ಷಯನೀವಿ’ ಏರ್ಪಾಡೂ ಇತ್ತು. ಹೀಗೆ ಬಿಟ್ಟ ಹೊಲವೊಂದು ಮಂಗಲಸ್ಥಾನ ಎಂಬ ಹಳ್ಳಿಯಲ್ಲಿತ್ತು. ಇಂದು ಬೋರಿವಲಿ ಪೂರ್ವದಲ್ಲಿ ಬಸ್ ಡಿಪೋ, ಮೆಟ್ರೋ ನಿಲ್ದಾಣಗಳಿರುವ ಮಾಗಾಠಣೆಯೇ ಅದು.

ಕಾನ್ಹೇರಿಯನ್ನು ಜೂನ್, ಜುಲೈನಲ್ಲಿ ನೋಡಬೇಕು. ಬಂಡೆಯ ಮೇಲೆ ಬಿದ್ದ ಮಳೆ ಉಳಿ ಕೊರೆದ ಸಣ್ಣ ಕಾಲುವೆಗಳಲ್ಲಿ ಹರಿದು, ಗುಹೆಯ ಬಾಗಿಲ ಪಕ್ಕದ ತೊಟ್ಟಿಗೆ ಇಳಿಯುತ್ತದೆ. ಹೆಚ್ಚುಕಡಿಮೆ ಪ್ರತಿ ಗುಹೆಗೂ ತನ್ನದೇ ತೊಟ್ಟಿ. ಐದನೆಯ ಗುಹೆಯ ತೊಟ್ಟಿಯ ಮೇಲಿರುವ ಶಾಸನದಲ್ಲಿ ಒಬ್ಬ ರಾಣಿಯ ಪ್ರಸ್ತಾಪವಿದೆ: ಶಾತವಾಹನ ವಾಸಿಷ್ಠೀಪುತ್ರ ಶಾತಕರ್ಣಿಯ ಹೆಂಡತಿ, ಕಾರ್ದಮಕ ವಂಶದ ಮಹಾಕ್ಷತ್ರಪನ ಮಗಳು. ಆ ಮಹಾಕ್ಷತ್ರಪ ರುದ್ರದಾಮನನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸುಂಕಕ್ಕಾಗಿ ಕಾದಾಡಿದ ಎರಡು ಮನೆಗಳು ಬೀಗರಾದ ಸಂಗತಿ ನಮಗೆ ತಿಳಿದಿರುವುದು ಒಂದು ನೀರಿನ ತೊಟ್ಟಿಯ ದಾನದಿಂದ.

ಕಾನ್ಹೇರಿಯ ಇನ್ನೊಬ್ಬ ದಾನಿ ನಾಗಮೂಲನಿಕಾ. ಮಹಾರಠಿಯೊಬ್ಬನ ಹೆಂಡತಿ, ಮಹಾರಾಜನ ಮಗಳು, ಖಂದನಾಗ ಸಾತಕನ ತಾಯಿ. ತಂದೆಯ ಹೆಸರಿರಬೇಕಾದ ಜಾಗ ಒಡೆದುಹೋಗಿದೆ. ಇತ್ತ ಉತ್ತರ ಕನ್ನಡದ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿ, ಐದು ಹೆಡೆಯ ನಾಗರಕಲ್ಲಿದೆ. ಅದರ ಪ್ರಾಕೃತ ಶಾಸನ ಚುಟು ಕುಲದ ಹಾರೀತೀಪುತ್ರ ಶಾತಕರ್ಣಿಯ ಕಾಲದ್ದು. ರಾಜನ ಮಗಳು, ಶಿವಖಂದನಾಗಶ್ರೀಯ ತಾಯಿ, ನಾಗ, ಕೆರೆ ಮತ್ತು ವಿಹಾರವನ್ನು ದಾನ ಮಾಡಿದ್ದನ್ನು ಅದು ಹೇಳುತ್ತದೆ. ಜಯಂತೀಪುರದ ಆಚಾರ್ಯನೊಬ್ಬನ ಶಿಷ್ಯ ನಟಕ ನಾಗವನ್ನು ಕಡೆದ ಎಂದು ಶಿಲ್ಪಿಯ ಹೆಸರೂ ಇದೆ. ಕಾನ್ಹೇರಿಯ ತಾಯಿಮಗ, ಬನವಾಸಿಯ ತಾಯಿಮಗ ಒಂದೇ ಎಂದು ವಾದಿಸಿದವರು ಆಂಧ್ರ ನಾಣ್ಯಗಳ ಪಟ್ಟಿಯನ್ನು 1908ರಲ್ಲಿ ಪ್ರಕಟಿಸಿದ ಇ. ಜೆ. ರಾಪ್ಸನ್. ಎಲ್ಲರೂ ಇದನ್ನು ಒಪ್ಪಿಲ್ಲ. ಹೆಸರುಗಳ ಹೊಂದಿಕೆಯನ್ನು ನೋಡಿದರೆ ನನಗೆ ರಾಪ್ಸನ್ ಹಿಡಿದ ಜಾಡು ಸರಿಯೆಂದೇ ತೋರುತ್ತದೆ. ವರದೆಯ ದಡದಲ್ಲಿ ಕೆರೆ ಕಟ್ಟಿಸಿದ ಹೆಣ್ಣುಮಗಳೇ ಸಾಲ್ಸೆಟ್ ದ್ವೀಪದ ಈ ಗುಡ್ಡದಲ್ಲಿ ಗುಹೆ ಕೊರೆಸಿದ್ದರೆ, ಬನವಾಸಿಯಿಂದ ಬೋರಿವಲಿಯ ತನಕದ ನೆಂಟಸ್ತನಕ್ಕೆ ಮೊದಲ ಸಾಕ್ಷಿ ಅವಳೇ.

ಬಾದಾಮಿಯ ಚಾಲುಕ್ಯರು ಬಂದದ್ದು ದಾನಕ್ಕಲ್ಲ, ದಂಡೆತ್ತಿ. ಐಹೊಳೆಯ ಮೇಗುಟಿ ಜಿನಾಲಯದಲ್ಲಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಪ್ರಶಸ್ತಿಯಲ್ಲಿ ಕೊಂಕಣದ ಮೌರ್ಯರ ಸೋಲಿದೆ. ಅವರ ರಾಜಧಾನಿ, ಪಡುಗಡಲ ಸಿರಿಯಂತಿದ್ದ ಪುರಿಯನ್ನು, ಎರಡನೆಯ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದ. ಒಳನಾಡಿನ ಅರಸನೊಬ್ಬ ಹಡಗುಪಡೆ ಕಟ್ಟಿ ಕಡಲ ಕೋಟೆಯನ್ನು ಹಿಡಿದದ್ದು ಸಣ್ಣ ಮಾತಲ್ಲ. ಈ ಪುರಿ ಯಾವುದು ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಘಾರಾಪುರಿ, ಅಂದರೆ ಎಲಿಫೆಂಟಾ, ಎಂದವರಿದ್ದಾರೆ. ಜಂಜೀರಾ ಬಳಿಯ ರಾಜಪುರಿ ಎಂದವರೂ ಇದ್ದಾರೆ.

ಘಾರಾಪುರಿಯ ಮಹಾಗುಹೆ ಅಷ್ಟು ಹೊತ್ತಿಗಾಗಲೇ ಇತ್ತು. ಆ ದ್ವೀಪದಲ್ಲಿ ಸಿಕ್ಕ ನಾಣ್ಯಗಳನ್ನು ಆಧರಿಸಿ ಅದನ್ನು ಕಲಚುರಿ ಕೃಷ್ಣರಾಜನ ಕಾಲಕ್ಕೆ, ಆರನೆಯ ಶತಮಾನದ ನಡುಭಾಗಕ್ಕೆ, ಹಾಕುತ್ತಾರೆ. ಅಲ್ಲಿದ್ದ ಶಾಸನದ ಕಲ್ಲನ್ನು ಪೋರ್ಚುಗೀಸರು ತಮ್ಮ ದೇಶಕ್ಕೆ ಕಳಿಸಿದರು, ಅದು ಮತ್ತೆ ಸಿಗಲಿಲ್ಲ. ಆದರೂ ಬಾದಾಮಿ ನೋಡಿ ಬಂದವರ ಕಣ್ಣಿಗೆ ಎಲಿಫೆಂಟಾ ಹೊಸದಾಗಿ ತೆರೆದುಕೊಳ್ಳುತ್ತದೆ. ಬಾದಾಮಿಯ ಮೂರನೆಯ ಗುಹೆ 578ರದು. ಹೆಚ್ಚುಕಡಿಮೆ ಒಂದೇ ತಲೆಮಾರಿನ ಕೆಲಸ. ಅಲ್ಲಿ ಮೊದಲ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜ ಕೆಂಪು ಮರಳುಗಲ್ಲಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಕುಣಿಯುತ್ತಾನೆ. ಇಲ್ಲಿ ಕರಿಕಲ್ಲಿನ ನಟರಾಜ ಗುಹೆಯೊಳಗಿನ ಅರೆಗತ್ತಲಲ್ಲಿ, ಮುರಿದ ಕೈಕಾಲುಗಳಲ್ಲೂ ಲಯ ಕೆಡದೆ ನಿಂತಿದ್ದಾನೆ. ಚಾಲುಕ್ಯ ಮಂಗಳೇಶ ಕಲಚುರಿ ಬುದ್ಧರಾಜನನ್ನು ಸೋಲಿಸಿದ್ದನ್ನು ಮಹಾಕೂಟದ ಕಂಬದ ಶಾಸನ ಹೇಳುತ್ತದೆ. ರಣದಲ್ಲಿ ಎದುರಾದ ಎರಡು ಮನೆತನಗಳ ಶಿಲ್ಪಿಗಳು ಒಂದೇ ಶಿವನನ್ನು ಎರಡು ಬಗೆಯಲ್ಲಿ ಕಂಡರು.

ರಾಷ್ಟ್ರಕೂಟರ ಕಾಲಕ್ಕೆ ಬಂದರೆ ದೃಶ್ಯ ತಿಳಿಯಾಗುತ್ತದೆ. ಉತ್ತರ ಕೊಂಕಣವನ್ನು ಅವರು ಶಿಲಾಹಾರ ಮನೆತನದ ಕಪರ್ದಿಗೆ ಒಪ್ಪಿಸಿದರು. ಅವನ ಮಗ ಪುಲ್ಲಶಕ್ತಿಯ ಕಾಲದ್ದೇ ಆಗಲೇ ಹೇಳಿದ 843ರ ಕಾನ್ಹೇರಿ ಶಾಸನ. ವೃದ್ಧ ಮಂತ್ರಿ ವಿಷ್ಣು ಕೃಷ್ಣಗಿರಿಯ ಸಂಘಕ್ಕೆ ದ್ರಮ್ಮ ನಾಣ್ಯಗಳನ್ನು ಕೊಟ್ಟು, ಪೂಜೆಗೆ, ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಗಳಿಗೆ ಬೇರೆಬೇರೆಯಾಗಿ ಹಂಚಿಟ್ಟ. ಹತ್ತು ವರ್ಷದ ನಂತರ, ಎರಡನೆಯ ಕಪರ್ದಿಯ ಆಳ್ವಿಕೆಯಲ್ಲಿ, ಅವಿಘ್ನಾಕರ ಎಂಬ ಉಪಾಸಕ ಗೌಡದೇಶದಿಂದ, ಈಗಿನ ಬಂಗಾಳದಿಂದ, ಬಂದು ಧ್ಯಾನಕ್ಕೆಂದು ಮಂಟಪ ಕಟ್ಟಿಸಿ 100 ದ್ರಮ್ಮ ಠೇವಣಿ ಇಟ್ಟ. ಬಂಗಾಳದ ಭಕ್ತ, ಕೊಂಕಣದ ಸಾಮಂತ, ಮಾನ್ಯಖೇಟದ ಸಾರ್ವಭೌಮ ಒಂದೇ ಕಲ್ಲಿನ ಮೇಲೆ ಸೇರಿದರು. ಆ ಸಾರ್ವಭೌಮನ ಗುರು ‘ಆದಿಪುರಾಣ’ದ ಜಿನಸೇನಾಚಾರ್ಯ. ಅದೇ ಅರಸ ಪ್ರಜೆಗಳ ಸಂಕಟ ನೀಗಲೆಂದು ಮಹಾಲಕ್ಷ್ಮಿಗೆ ತನ್ನ ಎಡಗೈಯ ಬೆರಳನ್ನು ಅರ್ಪಿಸಿದನೆಂದು ಹೇಳುವ 871ರ ತಾಮ್ರಪಟ ದೊರೆತದ್ದೂ ಇದೇ ಕರಾವಳಿಯ ಸಂಜಾಣದಲ್ಲಿ.

‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯ ತನಕ ಎಂದು ಗುರುತಿಸುವುದು ಎಲ್ಲರಿಗೂ ಗೊತ್ತು. ಆದರೆ ನೃಪತುಂಗನ ರಾಜ್ಯ ಅಷ್ಟಕ್ಕೇ ನಿಂತಿರಲಿಲ್ಲ. ಸೋಪಾರಾ, ಠಾಣೆ, ಸಂಜಾಣಗಳೂ ಅವನವೇ. ಹಾಗಿದ್ದೂ ಅವನ ಆಸ್ಥಾನದ ಕವಿ ಅವನ್ನೆಲ್ಲ ಕನ್ನಡದೊಳಗೆ ಸೇರಿಸಲು ಹೋಗಲಿಲ್ಲ. ಕಾನ್ಹೇರಿಯ ಆ ಮೂರು ಶಾಸನಗಳ ಭಾಷೆ ಸಂಸ್ಕೃತ. 916ರ ಸುಮಾರಿಗೆ ಚೌಲಕ್ಕೆ ಬಂದ ಅರಬ್ ಪ್ರವಾಸಿ ಅಲ್ ಮಸೂದಿಯೂ ಇದನ್ನು ಗಮನಿಸಿದ್ದಾನೆ: ರಾಜಧಾನಿ ಮಾನ್ಯಖೇಟದ ನುಡಿ ‘ಕೀರಿಯಾ’, ಚೌಲ, ಸೋಪಾರಾ, ಠಾಣೆಗಳ ನುಡಿ ‘ಲಾರಿಯಾ’. ಕೀರಿಯಾ ಎಂದರೆ ಕನ್ನಡವೆಂದು ವಿದ್ವಾಂಸರು ಗುರುತಿಸುತ್ತಾರೆ. ಚೌಲದಲ್ಲಿ ಆಗ ಸೀರಾಫ್, ಓಮಾನ್, ಬಸ್ರಾ, ಬಾಗ್ದಾದ್‌ಗಳಿಂದ ಬಂದು ನೆಲೆಸಿದ ಮುಸ್ಲಿಮರೂ ಇಲ್ಲೇ ಹುಟ್ಟಿದವರೂ ಸೇರಿ ಸುಮಾರು ಹತ್ತು ಸಾವಿರ ಜನ ಇದ್ದರೆಂದೂ ಅವನು ಬರೆದ. ಅಲ್ಲಿನ ಅಧಿಪತಿಯ ಹೆಸರನ್ನು ಝಂಝ ಎಂದು ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ಶಿಲಾಹಾರ ಝಂಝನೇ ಅವನು.

ಈ ಕಾಲದ ದಾಖಲೆಗಳಲ್ಲಿ ನಾನು ಮತ್ತೆಮತ್ತೆ ಓದುವುದು ಪಾಲ್ಘರ್ ಜಿಲ್ಲೆಯ ಚಿಂಚಣಿಯಲ್ಲಿ ಸಿಕ್ಕ, ಶಕ 848ರ, ಅಂದರೆ 926ರ ತಾಮ್ರಪಟವನ್ನು. ರಾಷ್ಟ್ರಕೂಟ ಮೂರನೆಯ ಇಂದ್ರ ಆಳುತ್ತಿದ್ದ. ಸಂಜಾಣ ಮಂಡಲದ ಅಧಿಕಾರಿ ಮಧುಮತಿ, ತಾಜಿಕ ಕುಲದವನು. ಮಧುಮತಿ ಎಂದರೆ ಮಹಮ್ಮದ್, ತಾಜಿಕ ಎಂದರೆ ಅರಬ. ಈ ಅರಬ ಅಧಿಕಾರಿ ಹೊಳೆ ದಾಟುವವರಿಗೆ ಕಾಸಿಲ್ಲದ ದೋಣಿ ಇಡಿಸಿದ, ಅಕ್ಕಿ ಅನ್ನ, ಪಲ್ಯ, ತುಪ್ಪ ಬಡಿಸುವ ಛತ್ರ ನಡೆಸಿದ. ಅವನ ಮಂತ್ರಿಯ ಹೆಸರು ಪುವ್ವಯ್ಯ. ಮಂತ್ರಿಯ ಗೆಳೆಯ ಅಣ್ಣಯ್ಯ ಎಂಬ ಬ್ರಾಹ್ಮಣ ಸಂಜಾಣದಲ್ಲಿ ದೇವಿಯ ಮಠವೊಂದನ್ನು ಕಟ್ಟಿಸಿದ್ದ. ಆ ಮಠದ ದುರಸ್ತಿಗೆ, ದೇವಿಯ ನೈವೇದ್ಯಕ್ಕೆ, ಅಲ್ಲಿನವರ ಊಟಕ್ಕೆಂದು ಮಧುಮತಿ ಭೂಮಿ ಕೊಟ್ಟ. ಪುವ್ವಯ್ಯ, ಅಣ್ಣಯ್ಯ ಎಂಬ ಹೆಸರು ಕಿವಿಗೆ ಬಿದ್ದರೆ ಅವರು ಯಾವ ಸೀಮೆಯ ಮನೆಮಂದಿಯಿದ್ದಾರು ಎಂದು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇವರನ್ನೆಲ್ಲ ಆದರ್ಶ ಪುರುಷರೆಂದು ಚಿತ್ರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬಂದರು ನಡೆಯಬೇಕು, ಸುಂಕ ಬರಬೇಕು, ದಾರಿಹೋಕನಿಗೆ ಅನ್ನ ಸಿಗಬೇಕು. ಆ ಲೆಕ್ಕವೇ ಇವರನ್ನು ಒಟ್ಟಿಗೆ ಕೂರಿಸಿತು. ಕೂತ ಮೇಲೆ ಮಾಡಿದ್ದು ಒಳ್ಳೆಯ ಕೆಲಸ.

973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಡವಿದ. ಠಾಣೆಯ ಶಿಲಾಹಾರ ಅಪರಾಜಿತ ಸ್ವತಂತ್ರನಾದ. 997ರಲ್ಲಿ ಅವನು ಹೊರಡಿಸಿದ ತಾಮ್ರಪಟ ಭಿವಂಡಿ ಬಳಿಯ ಭಾದಾಣದಲ್ಲಿ ಸಿಕ್ಕಿದೆ. ಬೇರೊಬ್ಬನಾಗಿದ್ದರೆ ಬಿದ್ದುಹೋದ ಒಡೆಯರ ಹೆಸರನ್ನೇ ಎತ್ತುತ್ತಿರಲಿಲ್ಲ. ಅಪರಾಜಿತ ರಾಷ್ಟ್ರಕೂಟರ ವಂಶಾವಳಿಯನ್ನು ಕೊನೆಯ ಕರ್ಕನ ತನಕ ಹೇಳಿ, ಆ ರಾಜ್ಯ ಅಳಿದದ್ದಕ್ಕೆ ಮರುಗುತ್ತಾನೆ. ಅವನು ಧರಿಸಿದ ಬಿರುದುಗಳಲ್ಲಿ ‘ಗಂಡರಗಂಡ’, ‘ನನ್ನಿಸಮುದ್ರ’ ಇವೆ. ಸಂಸ್ಕೃತ ಶಾಸನದ ನಡುವೆ ಕನ್ನಡದ ಬಿರುದುಗಳು. ಶಿಲಾಹಾರ ಶಾಸನಗಳನ್ನು 1977ರಲ್ಲಿ ಸಂಪುಟವಾಗಿ ತಂದ ವಾ. ವಿ. ಮಿರಾಶಿ ಅವರೂ ಈ ಬಿರುದುಗಳ ಕನ್ನಡತನವನ್ನು ಗುರುತಿಸಿದ್ದಾರೆ. ಈ ಮನೆತನದ ಮುಮ್ಮುಣಿಯ ಕಾಲದಲ್ಲೇ, 1060ರಲ್ಲಿ, ಅಂಬರನಾಥದ ಶಿವಾಲಯ ಪೂರ್ಣಗೊಂಡಿತು.

ಕಾನ್ಹೇರಿಯಲ್ಲಿ ಆ ಹೊತ್ತಿಗೆ ಭಿಕ್ಷುಗಳು ವಿರಳವಾಗಿದ್ದಿರಬೇಕು. 1009ರಲ್ಲಿ, ಮತ್ತೆ 1021ರಲ್ಲಿ, ಗುಡ್ಡ ಹತ್ತಿ ಬಂದ ಪಾರ್ಸಿಗಳ ತಂಡಗಳು ತೊಂಬತ್ತನೆಯ ಗುಹೆಯ ಗೋಡೆಯಲ್ಲಿ ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು, ತಂದೆಯರ ಹೆಸರು, ಬಂದ ದಿನಗಳನ್ನು ಕೆತ್ತಿಸಿ ಹೋದವು. ಹಳೆಯ ಅಕ್ಷರಗಳನ್ನು ಅವರು ಕೆಡಿಸಲಿಲ್ಲ.

ಶಿಲಾಹಾರರ ಕೊನೆ ಕಡಲಿನಲ್ಲಾಯಿತು. 1265ರ ಸುಮಾರಿಗೆ ದೇವಗಿರಿಯ ಸೇವುಣ ಮಹಾದೇವ ದಂಡೆತ್ತಿ ಬಂದ. ಸೇವುಣರೂ ಕನ್ನಡದಲ್ಲಿ ಹೇರಳ ಶಾಸನ ಹಾಕಿಸಿದವರೇ. ನೆಲದ ಮೇಲೆ ಅವನ ಆನೆಪಡೆಗೆ ಸೋತ ಶಿಲಾಹಾರ ಅರಸ ಸೋಮೇಶ್ವರ ಹಡಗೇರಿದ. ಅಲ್ಲೂ ಸೋತು ನೀರುಪಾಲಾದ. ಬೋರಿವಲಿ ಪಶ್ಚಿಮದ ಎಕ್ಸರ್‌ನಲ್ಲಿರುವ ಆರು ವೀರಗಲ್ಲುಗಳು ಈ ಕಾಳಗದ ನೆನಪಿನವು ಎಂಬುದು ಬಹುಮಂದಿ ಒಪ್ಪುವ ಅಭಿಪ್ರಾಯ. ಕೆಳಗಿನ ಪಟ್ಟಿಕೆಗಳಲ್ಲಿ ಕಾದಾಟ, ಮೇಲೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗಪೂಜೆ. ಶಿಕಾರಿಪುರದಲ್ಲೋ ಹಾನಗಲ್ಲಿನಲ್ಲೋ ಕಾಣುವ ಅದೇ ಕಟ್ಟು. ಬೇರೆಯಾಗಿರುವುದು ಕಾಳಗದ ಜಾಗ: ಹಲವು ಕಲ್ಲುಗಳಲ್ಲಿ ಕುದುರೆ, ತುರುಗಳ ಬದಲು ಸಾಲುಸಾಲಾಗಿ ಹುಟ್ಟು ಹಾಕುವ ಹಡಗುಗಳು. ನಮ್ಮಲ್ಲಿ ವೀರಗಲ್ಲುಗಳ ಮೇಲೆ ಶ್ರದ್ಧೆಯಿಂದ ಕೆಲಸ ಮಾಡಿದ ಸಂಶೋಧಕರು ಅನೇಕರಿದ್ದಾರೆ, ಮುಂಬೈ ವಿಶ್ವವಿದ್ಯಾಲಯದಲ್ಲೇ ಕನ್ನಡ ವಿಭಾಗವಿದೆ. ಎಕ್ಸರ್‌ನ ಕಲ್ಲುಗಳನ್ನು ಬಳ್ಳಿಗಾವಿ, ಬನವಾಸಿ ಸೀಮೆಯ ವೀರಗಲ್ಲುಗಳ ಪಕ್ಕದಲ್ಲಿಟ್ಟು, ಆ ಹಡಗುಗಳ ಹುಟ್ಟು, ಪಟ, ಕಟ್ಟಡವನ್ನೆಲ್ಲ ಬಿಡಿಬಿಡಿಯಾಗಿ ಓದುವ ಒಂದು ಪುಸ್ತಕ ಕನ್ನಡದಲ್ಲಿ ಬರಬೇಕು. ಕಲ್ಲುಗಳು ಬಯಲಿನಲ್ಲಿ, ಕಟ್ಟಡಗಳ ನಡುವೆ, ಮಳೆಗೆ ಸವೆಯುತ್ತಿವೆ. ಆ ಕೆಲಸವನ್ನು ಮುಂದೂಡುವಂತಿಲ್ಲ.